ಹಿತ್ತಿಲಲ್ಲಿ ಎರಡು ಆಡು



‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಗಾದೆಯನ್ನು ನಂಬಿಕೊಂಡು, ಆಡು ಸಾಕೋದು ಏನು ಮಹಾ ಕೆಲಸ, ಬಿಟ್ಟರೆ ಮೇಯುತ್ತೆ, ಕಟ್ಟಿದರೆ ಮಲಗುತ್ತೆ ಅಂತ ಬಹಳ ಮಂದಿ ತಿಳಿದಿದ್ದಾರೆ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೀಗೇ ತಿಳಿದಿದ್ದೆ. ಅದರಿಂದ ಒಂದು ಮನೆಗೆ ನಷ್ಟವಾಯಿತು. ಆ ಮಾತನ್ನು ಮುಂದೆ ಹೇಳುತ್ತೇನೆ.

ಹತ್ತು ಇಪ್ಪತ್ತು ಗುಂಟೆ ಜಮೀನಿನವರಿಗೆ, ಹಿತ್ತಿಲು ಮಾತ್ರ ಇರುವವರಿಗೆ ಹಸು ಕಟ್ಟುವುದು ಭಾರ. ಆಡು ಹಾಗಲ್ಲ. ಒಂದು ಹಸುವಿನ ಮೇವಿನಲ್ಲಿ ನಾಲ್ಕೈದು ಆಡು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಮನೆಗೆ ಒಂದಿಷ್ಟು ಹಾಲು, ಹೊಲಕ್ಕೆ ಹಿಕ್ಕೆ ಗೊಬ್ಬರ, ಮಗಳ ಮದುವೆಗೋ ಮಗನ ಶಾಲೆಗೋ ಕೈಗೆ ಬರುವ ದುಡ್ಡು, ಇಷ್ಟೂ ಅದರಿಂದ ಉಂಟು. ಆದರೆ ಒಂದನ್ನೇ ತಂದು ಕಟ್ಟಬೇಡಿ. ಆಡು ಹಿಂಡಿನ ಪ್ರಾಣಿ. ಒಂಟಿಯಾದರೆ ಹಗಲೂ ರಾತ್ರಿ ಅರಚುತ್ತದೆ, ಮೇವು ಬಿಡುತ್ತದೆ. ಮೊದಲಿಗೆ ಎರಡೋ ಮೂರೋ ಹೆಣ್ಣಾಡು ಸಾಕು. ಹೋತವನ್ನು ಪ್ರತಿ ಮನೆಯೂ ಸಾಕಬೇಕಾಗಿಲ್ಲ. ಊರಿಗೆ ಒಂದೆರಡು ಒಳ್ಳೆಯ ಹೋತ ಇದ್ದರೆ ಆಯಿತು.

ಈಚೆಗೆ ಕೆಲವರು, ಕುಳ್ಳ ಜಾತಿಯ ಆಡು ತರಬಹುದೇ ಎಂದು ಕೇಳುತ್ತಾರೆ. ಕುಳ್ಳ ಆಡಿನ ಮೂಲ ಪಶ್ಚಿಮ ಆಫ್ರಿಕದ ಕಡೆಯದು. ಆ ದೇಶಗಳಲ್ಲಿ ಅದು ಮಾಂಸಕ್ಕೆ, ಹೊರಗಿನ ದೇಶಗಳಲ್ಲಿ ಮಕ್ಕಳ ಮುದ್ದಿಗೆ. ನಮ್ಮ ದೇಶದಲ್ಲೇ ಬಂಗಾಳದ ಕಪ್ಪು ಆಡು ಉಂಟು. ಗಿಡ್ಡ ಮೈ, ಆಗಾಗ್ಗೆ ಅವಳಿ ಮರಿ. ಆದರೆ ದೂರದಿಂದ ತಂದ ಆಡಿಗೆ ನಮ್ಮ ಬಿಸಿಲು, ನಮ್ಮ ಮೇವು, ನಮ್ಮ ರೋಗ ಎಲ್ಲವೂ ಹೊಸತು. ದಕ್ಷಿಣದ ಜಿಲ್ಲೆಗಳವರಿಗೆ ನಂದಿದುರ್ಗ, ಬೀದರಿನವರಿಗೆ ಬೀದರಿ, ಕಲಬುರಗಿ ಕಡೆಯವರಿಗೆ ಉಸ್ಮಾನಾಬಾದಿ ಇವೆ. ನಿಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ಆಡೇ ನಿಮಗೆ ಮೇಲು.

ಆಡು ತರುವ ಮೊದಲು ಜಾಗ ಸಿದ್ಧವಾಗಿರಬೇಕು. ಒಂದು ದೊಡ್ಡ ಆಡಿಗೆ ಸೂರಿನ ಕೆಳಗೆ 10 ಚದರ ಅಡಿ, ಅಡ್ಡಾಡಲು ಹೊರಗೆ ಅದರ ಎರಡರಷ್ಟು ಜಾಗ ಬೇಕು. ಮೂರು ಆಡು, ಅವುಗಳ ಮರಿ ಎಂದರೆ 8 ಅಡಿ ಉದ್ದ, 5 ಅಡಿ ಅಗಲದ ಕೊಟ್ಟಿಗೆ ಸಾಕು. ಆಡು ಬಿಸಿಲು ತಡೆಯುತ್ತದೆ, ಚಳಿಯನ್ನೂ ಅಷ್ಟಿಷ್ಟು ತಡೆಯುತ್ತದೆ. ಕಾಲಡಿಯ ತೇವವನ್ನು ಮಾತ್ರ ತಡೆಯದು. ಮಳೆ ಹೆಚ್ಚಾದ ಕಡೆ ನೆಲದಿಂದ 3 ಅಡಿ ಎತ್ತರಕ್ಕೆ ಅಡಕೆ ದಬ್ಬೆ ಅಥವಾ ಬಿದಿರು ಹಾಕಿ ಅಟ್ಟಣಿಗೆ ಮಾಡಿ. ದಬ್ಬೆಗಳ ನಡುವೆ ಅರ್ಧ ಅಂಗುಲ ಸಂದು ಬಿಡಿ. ಹಿಕ್ಕೆ, ಗಂಜಲ ಕೆಳಕ್ಕೆ ಬೀಳುತ್ತವೆ, ಮರಿಯ ಕಾಲು ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಕೊಳ್ಳುವ ವಿಚಾರ. ಆದಷ್ಟೂ ಸಂತೆಗಿಂತ ಸಾಕಿದವರ ಮನೆಯಲ್ಲೇ ಕೊಳ್ಳಿ. ತಾಯಿಯನ್ನೂ ಒಡಹುಟ್ಟಿದ ಮರಿಯನ್ನೂ ಅಲ್ಲಿ ನೋಡಬಹುದು. ಮೊದಲು ಹಲ್ಲು ನೋಡಿ. ಆಡಿನ ಮೇಲ್ದವಡೆಯ ಮುಂದೆ ಹಲ್ಲೇ ಇರುವುದಿಲ್ಲ, ಗಾಬರಿ ಬೇಡ. ಕೆಳದವಡೆಯಲ್ಲಿ ಎಂಟಿರುತ್ತವೆ. ನಡುವಿನ ಎರಡು ಹಲ್ಲು ದೊಡ್ಡವಾಗಿದ್ದರೆ ವಯಸ್ಸು ಒಂದು, ಒಂದೂವರೆ ವರ್ಷ, ನಾಲ್ಕಾಗಿದ್ದರೆ ಸುಮಾರು ಎರಡು, ಆರಾದರೆ ಮೂರು, ಎಂಟೂ ತುಂಬಿದ್ದರೆ ನಾಲ್ಕು ಎಂದು ತಿಳಿಯಿರಿ. ಎರಡು ಅಥವಾ ನಾಲ್ಕು ಹಲ್ಲಿನದು ಕೊಳ್ಳಲು ಒಳ್ಳೆಯದು. ಆಮೇಲೆ ಕೆಳರೆಪ್ಪೆಯನ್ನು ಎಳೆದು ಒಳಗೆ ನೋಡಿ. ಕೆಂಪಗಿದ್ದರೆ ರಕ್ತ ಚೆನ್ನಾಗಿದೆ. ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಹುಳು ಇರುವ ಸಂಭವವೇ ಹೆಚ್ಚು. ಮೂಗು ಸುರಿಯುವುದು, ಕೆಮ್ಮುವುದು, ಹಿಂಭಾಗಕ್ಕೆ ಭೇದಿ ಮೆತ್ತಿರುವುದು, ಕೆಚ್ಚಲಲ್ಲಿ ಗಂಟಿರುವುದು, ಇಂಥದು ಎಷ್ಟೇ ಅಗ್ಗವಾದರೂ ಬೇಡ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಒಂದು ಊರಿನಲ್ಲಿ ಒಬ್ಬ ತಾಯಿ, ಗಂಡ ಇಲ್ಲ, ಹದಿನೈದು ಗುಂಟೆ ಹೊಲ. ಮನೆಯಲ್ಲಿ ಎರಡು ಆಡಿದ್ದವು. ‘ಅಮ್ಮ, ಇನ್ನೆರಡು ಸೇರಿಸಿಕೊಳ್ಳಿ’ ಎಂದು ನಾನೇ ಹೇಳಿದೆ. ಸಂಘದಲ್ಲಿ ಸಾಲ ಮಾಡಿ ಸಂತೆಯಿಂದ ತಂದರು. ಅದೇ ಸಂಜೆ ನಾಲ್ಕನ್ನೂ ಒಂದೇ ಗೂಟದ ಸುತ್ತ ಕಟ್ಟಿ, ಒಂದೇ ಬಾನಿಯಲ್ಲಿ ನೀರಿಟ್ಟರು. ಮೂರನೆಯ ದಿನ ಹೊಸ ಆಡಿಗೆ ಜ್ವರ. ಕಣ್ಣು ಮೂಗು ಸುರಿಯಿತು, ಬಾಯಿ ಹುಣ್ಣಾಯಿತು, ಭೇದಿ ಹತ್ತಿತು. ವಾರ ಕಳೆದ ಮೇಲೆ ಹಳೆಯವೂ ಮಲಗಿದವು. ನಾಲ್ಕರಲ್ಲಿ ಉಳಿದದ್ದು ಒಂದು. ನಾನು ಹೋದಾಗ ಆ ತಾಯಿ ಬೈಯಲಿಲ್ಲ. ‘ಸ್ವಾಮಿ, ತಗೊಳ್ಳಿ ಅಂದ್ರಿ, ಬೇರೆ ಕಟ್ಟಿ ಅಂತ ಅನ್ನಲಿಲ್ವಲ್ಲ’ ಅಂದರು. ಅಷ್ಟೇ.

ಆ ರೋಗಕ್ಕೆ ವೈದ್ಯರು ಪಿ.ಪಿ.ಆರ್. ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ರೋಗದ ಆಡಿನ ಉಸಿರು, ಜೊಲ್ಲು, ಭೇದಿಯಿಂದ ಇದು ಹರಡುತ್ತದೆ. ಸಂತೆಯಲ್ಲಿ ನೂರಾರು ಕಡೆಯ ಆಡು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಆ ಹೊತ್ತು ಚೆನ್ನಾಗಿಯೇ ಕಾಣುವ ಆಡು, ಮನೆಗೆ ಬಂದ ಕೆಲವು ದಿನಕ್ಕೆ ರೋಗ ತೋರಿಸುತ್ತದೆ. ಆದುದರಿಂದ ಹೊಸ ಆಡನ್ನು ಮೂರು ವಾರ ಬೇರೆ ಕಡೆ ಕಟ್ಟತಕ್ಕದ್ದು. ಅದರ ನೀರಿನ ಬಾನಿ, ಮೇವು, ಹಗ್ಗ ಎಲ್ಲವೂ ಬೇರೆ. ಮೊದಲು ಹಳೆಯವಕ್ಕೆ ಮೇವು ಹಾಕಿ, ಕೊನೆಗೆ ಹೊಸದರ ಹತ್ತಿರ ಹೋಗಿ. ಬಂದು ಕೈಕಾಲು ತೊಳೆಯಿರಿ. ಇದಕ್ಕೆ ಖರ್ಚಿಲ್ಲ, ಸ್ವಲ್ಪ ತಾಳ್ಮೆ ಬೇಕು. ಈ ರೋಗಕ್ಕೆ ಒಳ್ಳೆಯ ಲಸಿಕೆ ಇದೆ. ಮರಿಗೆ ಮೂರು ನಾಲ್ಕು ತಿಂಗಳು ತುಂಬಿದ ಮೇಲೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ.

ಇನ್ನೊಂದು ಕರುಳುಬೇನೆ. ಮಳೆ ಬಿದ್ದು ಎಳೆಹುಲ್ಲು ಚಿಗುರಿದಾಗ ಬರುತ್ತದೆ. ಹಿಂಡಿನಲ್ಲಿ ಚೆನ್ನಾಗಿ ಮೇದು ಕೊಬ್ಬಿದ ಮರಿಯೇ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಜನ ಇದನ್ನು ದೃಷ್ಟಿ ಎನ್ನುತ್ತಾರೆ. ದೃಷ್ಟಿಯಲ್ಲ; ಹೊಟ್ಟೆಯಲ್ಲಿ ಒಂದು ಬಗೆಯ ರೋಗಾಣು ಹೆಚ್ಚಿ ವಿಷ ಮಾಡುತ್ತದೆ. ಮುಂಗಾರಿಗೆ ಮುಂಚೆಯೇ ಲಸಿಕೆ ಹಾಕಿಸಿ. ಮೊದಲ ಸಲ ಎರಡು ಮೂರು ವಾರದ ಅಂತರದಲ್ಲಿ ಎರಡು ಬಾರಿ, ಆಮೇಲೆ ವರ್ಷಕ್ಕೊಮ್ಮೆ. ಜಂತುಹುಳುವಿನ ಔಷಧವನ್ನು ಪಶುವೈದ್ಯರು ತೂಕ ನೋಡಿ ಹೇಳಿದಷ್ಟೇ ಕುಡಿಸಿ. ಆಸ್ಪತ್ರೆ ದೂರವಾದರೆ 1962 ಎಂಬ ನಂಬರಿಗೆ ಫೋನು ಮಾಡಿ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ ಇರುವ ನಂಬರು ಅದು.

ಮೇವಿನ ಮಾತು. ಆಡು ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ, ನಿಜ. ಆದರೆ ತುಳಿದದ್ದನ್ನು, ಹಿಕ್ಕೆ ಬಿದ್ದದ್ದನ್ನು ಮೂಸಿ ಬಿಡುತ್ತದೆ. ಆದ್ದರಿಂದ ಸೊಪ್ಪನ್ನು ನೆಲಕ್ಕೆ ಹಾಕದೆ, ಅದರ ತಲೆಯ ಎತ್ತರಕ್ಕೆ ಕಟ್ಟಿ ತೂಗುಹಾಕಿ. 25 ಕಿಲೋ ತೂಗುವ ಆಡಿಗೆ ದಿನಕ್ಕೆ ಸುಮಾರು 3 ಕಿಲೋ ಹಸಿ ಸೊಪ್ಪು, ಅರ್ಧ ಕಿಲೋ ತೊಗರಿ, ಹುರುಳಿ ಅಥವಾ ಕಡಲೆಕಾಯಿ ಹೊಟ್ಟು ಬೇಕು. ಗಬ್ಬವಾದದ್ದಕ್ಕೆ, ಹಾಲು ಕೊಡುವುದಕ್ಕೆ ಕಾಲು ಕಿಲೋ ಹಿಂಡಿ ಬೂಸಾ ಕೊಡಿ. ಬೇಲಿಯ ಸಾಲಿನಲ್ಲಿ ನುಗ್ಗೆ, ಅಗಸೆ, ಹಾಲುವಾಣ, ಗೊಬ್ಬರದ ಗಿಡ ನೆಟ್ಟರೆ ಬೇಸಗೆಯಲ್ಲೂ ಹಸಿರು ಸಿಗುತ್ತದೆ. ಸುಬಾಬುಲ್ ಸೊಪ್ಪು ಮೂರರಲ್ಲಿ ಒಂದು ಪಾಲು ಮೀರಬಾರದು. ಎಳೆಯ ಜೋಳದ ಪೈರು, ಮಳೆಯಿಲ್ಲದೆ ಬಾಡಿದ ಜೋಳ ವಿಷ. ಕಣಗಿಲೆ, ಲಂಟಾನವೂ ವಿಷ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು, ಒಕ್ಕಿದ ಕಾಳನ್ನು ಪ್ರೀತಿಯಿಂದ ಸುರಿಯುವವರಿದ್ದಾರೆ. ಹೊಟ್ಟೆ ಹುಳಿಯಾಗಿ ಆಡು ಒಂದೆರಡು ದಿನದಲ್ಲಿ ಸಾಯುತ್ತದೆ. ಆ ಪ್ರೀತಿ ಬೇಡ.

ಹೆಣ್ಣಾಡು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಒಂದು ವರ್ಷವಾಗಿ ಮೈ ತುಂಬಿದ ಮೇಲೆ ಹೋತ ಕೊಡಿಸಿ. ಅದಕ್ಕೆ ಹುಟ್ಟಿದ ಹೋತವೇ ಅದರ ಮೇಲೆ ಬೀಳಬಾರದು, ಮರಿ ಕುಗ್ಗುತ್ತವೆ. ಗಬ್ಬದ ಕಾಲ 150 ದಿನ, ಅಂದರೆ ಐದು ತಿಂಗಳು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮರಿ ಬಿದ್ದ ಕೂಡಲೆ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮಾಸು ಬೀಳಲಿ ಅಂತ ಕಾಯುವವರಿದ್ದಾರೆ, ಕಾಯಬಾರದು. ಗಿಣ್ಣು ಮರಿಗೆ ಮೊದಲ ಮದ್ದು. ಬೆಳೆದ ಮರಿಯನ್ನು ಕಣ್ಣಂದಾಜಿಗೆ ಮಾರಬೇಡಿ, ತೂಗಿ ಮಾರಿ.

ಆ ತಾಯಿಯ ಮನೆಯಲ್ಲಿ ಉಳಿದ ಒಂದು ಆಡು ಮತ್ತೆ ಮರಿ ಹಾಕಿತು, ಎರಡು ಹೆಣ್ಣು. ಈಗ ಅವರ ಹಿತ್ತಿಲಿನ ಮೂಲೆಯಲ್ಲಿ, ಕೊಟ್ಟಿಗೆಯಿಂದ ದೂರ, ಒಂದು ಒಂಟಿ ಗೂಟ ಇದೆ. ಹೊಸ ಆಡು ಬಂದರೆ ಮೂರು ವಾರ ಅದಕ್ಕೇ ಕಟ್ಟುತ್ತಾರೆ. ಪಕ್ಕದ ಮನೆಯವರೂ ಕೇಳಿ ಕಟ್ಟುತ್ತಾರೆ. ನೀವೂ ಸಂತೆಗೆ ಹೊರಡುವ ಮೊದಲು ಅಂಥ ಒಂದು ಗೂಟ ನೆಟ್ಟು ಹೋಗಿ.