ಮುಗಿದ ಹಾಡಿನಿಂದ ಒಂದು ಪೆಟ್ಟು

ಹೂಗ್ಲಿ ನದಿಯ ಪೂರ್ವದ ದಡದಲ್ಲಿ, ಕಲ್ಕತ್ತೆಯ ಬಂದರಿಗೆ ಅಂಟಿಕೊಂಡಂತೆ ಗಾರ್ಡನ್ ರೀಚ್ ಎಂಬ ಪ್ರದೇಶವಿದೆ. ಆಗ್ನೇಯ ರೈಲ್ವೆಯ ಪ್ರಧಾನ ಕಚೇರಿ ಅಲ್ಲಿದೆ. ನೌಕಾದಳಕ್ಕೆ ಸಮರನೌಕೆಗಳನ್ನು ಕಟ್ಟಿಕೊಡುವ ಕಾರ್ಖಾನೆಯೂ ಅಲ್ಲಿಯೇ. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮವರಲ್ಲಿ ಈ ಹೆಸರನ್ನು ವರ್ಗಾವಣೆಯ ಆಜ್ಞಾಪತ್ರದಲ್ಲಿ ಓದಿ, ಅದೆಲ್ಲಿದೆಯೆಂದು ನಕ್ಷೆಯಲ್ಲಿ ಹುಡುಕಿದವರು ಕೆಲವರಾದರೂ ಇದ್ದಾರು. ಸಂಗೀತಪ್ರಿಯರಿಗೆ ಮಾತ್ರ ಈ ಪ್ರದೇಶವು ಮಟಿಯಾಬುರ್ಜ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತ. 1856ರಲ್ಲಿ ಸಿಂಹಾಸನವನ್ನು ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಷಾ ಇಲ್ಲಿಗೆ ಬಂದು, 1887ರಲ್ಲಿ ತೀರಿಕೊಳ್ಳುವ ತನಕ ಇಲ್ಲಿಯೇ ಬಾಳಿದನು. ರಾಜ್ಯ ಹೋದರೂ ರಸಿಕತೆ ಹೋಗಲಿಲ್ಲ. ಠುಮ್ರಿ, ಕಥಕ್, ಅವುಗಳಿಗೆ ಜೊತೆಯಾಗುವ ತಬಲೆ, ಸಾರಂಗಿ ಎಲ್ಲವೂ ಲಖನೌವಿನಿಂದ ಅವನ ಹಿಂದೆಯೇ ಹೊರಟು ಬಂಗಾಳದ ಈ ನದೀತೀರವನ್ನು ಸೇರಿದವು.

ಇಷ್ಟು ಹಳೆಯ ಸ್ಥಳವನ್ನು ಹೆಸರಿಸಿ ನಾವು ಹೇಳಹೊರಟಿರುವುದು ಹೊಸತೊಂದು ಕಸುಬಿನ ಸಂಗತಿ. ಇಂದು ಗಣಕಯಂತ್ರದ ಮುಂದೆ ಕುಳಿತು ಸಂಗೀತವನ್ನು ಹೆಣೆಯುವ ತರುಣರು, ಯಾವುದೋ ಮುಗಿದ ಹಾಡಿನೊಳಗಿಂದ ಡೋಲಿನ ಒಂದೇ ಒಂದು ಪೆಟ್ಟನ್ನು ಬಿಡಿಸಿ ತೆಗೆದು ತಮ್ಮ ಹಾಡಿಗೆ ಅಡಿಗಲ್ಲಾಗಿ ಇಟ್ಟುಕೊಳ್ಳುತ್ತಾರೆ. ಪಾಶ್ಚಾತ್ಯ ವಾದ್ಯಮೇಳದಲ್ಲಿ ಕಾಲಿನಿಂದ ಮೆಟ್ಟಿ ನುಡಿಸುವ ದೊಡ್ಡ ಡೋಲು ಒಂದುಂಟು. ಅದಕ್ಕೆ ಕಿಕ್ ಡ್ರಮ್ ಎಂದು ಹೆಸರು. ಕುಣಿತದ ಹಾಡುಗಳಲ್ಲಿ ಎದೆಗೆ ಗುದ್ದಿದಂತೆ ಕೇಳಿಸುವ ‘ಧಮ್’ ಎಂಬ ನಾದ ಇದರದೇ. ಆ ನಾದವನ್ನು ನಿರ್ಮಲವಾಗಿ, ಅಂದರೆ ಗಾಯಕನ ಉಸಿರಾಗಲಿ ತಂತಿವಾದ್ಯದ ಎಳೆಯಾಗಲಿ ಅಂಟಿಕೊಳ್ಳದಂತೆ, ತೆಗೆಯುವುದು ಸಾಧ್ಯವೇ? ಪಾಯಸ ಕುದಿದ ಮೇಲೆ ಅದರೊಳಗಿನ ಬೆಲ್ಲವನ್ನು ಮರಳಿ ಅಚ್ಚಾಗಿಸಬಹುದೇ ಎಂದು ಕೇಳಿದಂತೆ ಈ ಪ್ರಶ್ನೆ ತೋರಬಹುದು. ಆದರೆ ಉತ್ತರವು ಅಷ್ಟು ನಿರಾಶಾದಾಯಕವಲ್ಲ.

ಮೊದಲು ಅಸಾಧ್ಯವಾದ ದೃಷ್ಟಾಂತವನ್ನೇ ನೋಡೋಣ. 1883ರಲ್ಲಿ ಮಲಕಾ ಜಾನ್ ಎಂಬ ಗಾಯಕಿ ಎಳೆವಯಸ್ಸಿನ ಮಗಳೊಡನೆ ಕಲ್ಕತ್ತೆಗೆ ಬಂದು ಈ ಮಟಿಯಾಬುರ್ಜಿನ ದರ್ಬಾರಿನಲ್ಲಿ ಆಶ್ರಯವನ್ನು ಪಡೆದಳು. ಆ ಮಗಳೇ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರವನ್ನು ಹೂಡಿ ಆಕೆಯ ಹಾಡುಗಳನ್ನು ಮುದ್ರಿಸಿದನು. ನಮ್ಮ ದೇಶದ ಸಂಗೀತವು ಗ್ರಾಮಫೋನ್ ತಟ್ಟೆಯನ್ನೇರಿದ್ದು ಹೀಗೆ. ಆಕೆಯ ಕೊನೆಯ ದಿನಗಳು ಕನ್ನಡನಾಡಿಗೆ ಸಂದವು. 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಗಾಯಕಿಯಾಗಿ ಮೈಸೂರಿಗೆ ಬಂದು, 1930ರ ಜನವರಿ 17ರಂದು ಅಲ್ಲಿಯೇ ಕಣ್ಮುಚ್ಚಿದಳು. ಬೆಂಗಳೂರಿನ ವಿಕ್ರಮ್ ಸಂಪತ್ ಅವರು 2010ರಲ್ಲಿ ಪ್ರಕಟಿಸಿದ ಆಕೆಯ ಜೀವನಚರಿತ್ರೆಯನ್ನು ಓದುಗರಲ್ಲಿ ಹಲವರು ಬಲ್ಲರು.

ಆ 1902ರ ತಟ್ಟೆಗಳಿಂದ ತಬಲೆಯ ಎಡದ ಪೆಟ್ಟನ್ನು, ಅಂದರೆ ಬಾಯಾದ ಗುಂಭನಾದವನ್ನು, ತೆಗೆಯಲು ಹೊರಟವನು ಬರಿಗೈಯಲ್ಲಿ ಹಿಂತಿರುಗುತ್ತಾನೆ. ಆಗ ವಿದ್ಯುತ್ತಿನ ಧ್ವನಿಗ್ರಾಹಕ ಇರಲಿಲ್ಲ. ಗಾಯಕಿ ತಗಡಿನ ಕಹಳೆಯೊಂದರ ಬಾಯೊಳಗೆ ಹಾಡಬೇಕಾಗಿತ್ತು. ಆ ನಾದದ ಬಲವೇ ಸೂಜಿಯನ್ನು ಅಲುಗಾಡಿಸಿ ಮೇಣದ ಮೇಲೆ ಗೆರೆಯನ್ನು ಕೊರೆಯುತ್ತಿತ್ತು. ಸೆಕೆಂಡಿಗೆ ಸುಮಾರು 200 ಕಂಪನಗಳಿಗಿಂತ ಕೆಳಗಿನ ನಾದವನ್ನು ಆ ಕಹಳೆ ಬಹುಮಟ್ಟಿಗೆ ಹಿಡಿಯುತ್ತಲೇ ಇರಲಿಲ್ಲ. ಬಾಯಾದ ಮೂಲನಾದವಾಗಲಿ ಕಿಕ್ ಡ್ರಮ್ಮಿನ ಮೂಲನಾದವಾಗಲಿ ನೂರರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕೆಳಗೆ ಇರುವಂಥದು. ಸಾಲದೆಂಬಂತೆ, ದೊಡ್ಡ ಡೋಲಿನ ಪೆಟ್ಟು ಜೋರಾದರೆ ಸೂಜಿಯೇ ಜಿಗಿದು ಮುದ್ರಣ ಕೆಡುತ್ತಿತ್ತು. ಅಮೆರಿಕೆಯಲ್ಲಿ ಮೊದಮೊದಲ ಜಾಝ್ ತಟ್ಟೆಗಳನ್ನು ಮಾಡಿದ ಡೋಲುಗಾರರು ಇದೇ ಭಯದಿಂದ ದೊಡ್ಡ ಡೋಲನ್ನು ಬದಿಗಿರಿಸಿ ಮರದ ತುಂಡುಗಳನ್ನು ತಟ್ಟುತ್ತಿದ್ದರು. ಕೊರೆಯದ ಗೆರೆಯನ್ನು ಯಾವ ಯಂತ್ರವೂ ಓದಲಾರದು. 1925ರಲ್ಲಿ ವಿದ್ಯುತ್ ಮುದ್ರಣ ಬಂದ ಮೇಲೆಯೇ ತಗ್ಗಿನ ನಾದಗಳಿಗೆ ತಟ್ಟೆಯಲ್ಲಿ ಸ್ಥಳ ದೊರೆತದ್ದು. ಆದುದರಿಂದ ಪೆಟ್ಟನ್ನು ಅರಸುವವನು ಮೊದಲು ವಿಚಾರಿಸಬೇಕಾದದ್ದು ಮುದ್ರಣದ ವರ್ಷವನ್ನು.

ನಾದ ಒಳಗಿದೆಯೆಂದು ನಿಶ್ಚಯವಾದ ಮೇಲಿನ ಕೆಲಸ ಬಹುಪಾಲು ಕಿವಿಯದು. ಯಾವ ಹಾಡಿನಲ್ಲಾದರೂ ಆ ಪೆಟ್ಟು ಒಂಟಿಯಾಗಿ ನಿಲ್ಲುವ ಒಂದು ಗಳಿಗೆ ಇರಬಹುದು: ಪಲ್ಲವಿಗೆ ಮುಂಚಿನ ಎರಡು ಆವರ್ತ, ಉಳಿದ ವಾದ್ಯಗಳೆಲ್ಲ ಬಾಯಿಮುಚ್ಚಿದ ನಡುವಿನ ವಿರಾಮ, ಅಥವಾ ಹಾಡು ಕರಗುತ್ತ ಹೋಗುವ ಕೊನೆ. ಕುಣಿತದ ಸಭೆಗಳಿಗಾಗಿ ಮಾಡಿದ ದೀರ್ಘ ಆವೃತ್ತಿಗಳಲ್ಲಿ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಜಾರಲು ಅನುಕೂಲವಾಗಲೆಂದು, ಆರಂಭದಲ್ಲಿ ಬರಿಯ ತಾಳವನ್ನೇ ಬಿಟ್ಟಿರುತ್ತಾರೆ. ಒಂದು ತಾಸು ಕುಳಿತು ಕೇಳಿ ಅಂತಹ ಗಳಿಗೆಯನ್ನು ಕಂಡುಕೊಂಡವನಿಗೆ ಮುಂದಿನ ಹತ್ತು ತಾಸಿನ ತೊಳೆಯುವ ಕೆಲಸ ಉಳಿಯುತ್ತದೆ. ಈ ತಾಳ್ಮೆ ಇಲ್ಲದವರೇ ಯಂತ್ರವನ್ನು ಬೈಯುವವರು.

ಪೆಟ್ಟಿನ ಪ್ರತಿಯೂ ಒಳ್ಳೆಯದಿರಬೇಕು. ಕಡತವನ್ನು ಚಿಕ್ಕದು ಮಾಡಲು ನಾದವನ್ನು ಹಿಂಡಿದ ಎಂ.ಪಿ.3 ಮೊದಲಾದ ರೂಪಗಳಲ್ಲಿ ಪೆಟ್ಟಿನ ಮೊದಲ ಅಂಚು ಮಾಸಿರುತ್ತದೆ. ಪೆಟ್ಟು ಬೀಳುವುದಕ್ಕೆ ಕ್ಷಣದ ಮುಂಚೆಯೇ ಒಂದು ಮಸುಕಾದ ಮುನ್ಸದ್ದು ಹುಟ್ಟುತ್ತದೆ. ಇನ್ನು ಕತ್ತರಿಸುವುದು. ಪರದೆಯ ಮೇಲೆ ನಾದವು ನಡುಗೆರೆಯೊಂದರ ಮೇಲೆ ಕೆಳಗೆ ಏರಿಳಿಯುವ ಅಲೆಯಂತೆ ಕಾಣುತ್ತದೆ. ಅಲೆಯು ನಡುಗೆರೆಯನ್ನು ದಾಟುವ ಬಿಂದುವಿನಲ್ಲಿಯೇ ಕತ್ತರಿ ಆಡಬೇಕು. ಏರಿನಲ್ಲಿಯೋ ಇಳಿವಿನಲ್ಲಿಯೋ ಕತ್ತರಿಸಿದರೆ ‘ಟಿಕ್’ ಎಂಬ ಒಡಕು ಸದ್ದು ಸೇರಿಕೊಳ್ಳುತ್ತದೆ. ಕಾಲಿನಿಂದ ಅರ್ಧ ಸೆಕೆಂಡಿನಷ್ಟು ಉದ್ದವಿದ್ದರೆ ಬಹಳ. ಬಾಲವನ್ನು ನಿಧಾನವಾಗಿ ಮೌನಕ್ಕೆ ಇಳಿಸಬೇಕು.

ಒಂಟಿ ಗಳಿಗೆ ಸಿಗದೆ ಹೋದಾಗಲೇ ಜಾಣತನ ಬೇಕಾಗುವುದು. ಡೋಲಿನ ಮೇಲೆ ಕಂಚಿನ ತಟ್ಟೆಗಳ ಝಣತ್ಕಾರ ಬಿದ್ದಿದ್ದರೆ ಮೇಲಿನ ಕಂಪನಗಳನ್ನು ಸೋಸಿಬಿಡಬಹುದು. ಹಾಗೆ ಸೋಸಿದರೆ ಪೆಟ್ಟಿನ ಮೊನೆಯೂ ಅದರೊಡನೆ ಹೋಗಿ, ಉಳಿದದ್ದು ಹೊದಿಕೆಯೊಳಗಿಂದ ಬಂದ ಗುದ್ದಿನಂತೆ ಕೇಳುತ್ತದೆ. ಅದಕ್ಕಾಗಿ ಬಲ್ಲವರು ಒಂದು ಪೆಟ್ಟಿನಿಂದ ಒಡಲನ್ನೂ ಇನ್ನೊಂದರಿಂದ ಮೊನೆಯನ್ನೂ ತೆಗೆದು ಜೋಡಿಸುತ್ತಾರೆ. ಎಡಬಲ ಧ್ವನಿಪೆಟ್ಟಿಗೆಗಳಲ್ಲಿ ಹಂಚಿದ ಮುದ್ರಣವಾದರೆ ಇನ್ನೊಂದು ಅನುಕೂಲವುಂಟು: ಕಿಕ್ ಡ್ರಮ್ಮನ್ನು ಸಾಮಾನ್ಯವಾಗಿ ಮಧ್ಯದಲ್ಲಿ ನಿಲ್ಲಿಸಿರುತ್ತಾರೆ. ಎರಡೂ ಕಡೆಯ ನಾದವನ್ನು ಕೂಡಿಸಿದರೆ ಮಧ್ಯದ್ದು ಬಲಗೊಂಡು ಬದಿಯದು ತಕ್ಕಮಟ್ಟಿಗೆ ಹಿಂದೆ ಸರಿಯುತ್ತದೆ. ಕೆಟ್ಟ ಶತ್ರುವೆಂದರೆ ಬಾಸ್ ಗಿಟಾರು. ಅದೂ ಮಧ್ಯದಲ್ಲಿಯೇ ನಿಲ್ಲುತ್ತದೆ, ಅದೂ ತಗ್ಗಿನ ಕಂಪನಗಳಲ್ಲಿಯೇ ವಾಸಿಸುತ್ತದೆ. ಯಾವ ಜರಡಿಗೂ ಇವೆರಡನ್ನು ಬೇರ್ಪಡಿಸುವ ಕಣ್ಣಿಲ್ಲ.

ಯಂತ್ರವೇ ತಾಳ ಹಾಕಿದ ಹಾಡುಗಳಲ್ಲಿ ಮಾತ್ರ ಒಂದು ಸೊಗಸಾದ ಉಪಾಯವಿದೆ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿ.ಆರ್.-808 ಎಂಬ ತಾಳಯಂತ್ರವನ್ನು ಹೊರತಂದಿತು. ಮುಂಬಯಿಯ ವಾದಕ ಚರಣ್‌ಜಿತ್ ಸಿಂಗ್ ಅವರು ಅದನ್ನು ಬಳಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂಡಿಸಿ ನುಡಿಸಿದ ತಟ್ಟೆಯನ್ನು 1982ರಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಪ್ರಕಟಿಸಿತು. ಆಗ ಯಾರೂ ಅದನ್ನು ಗಣಿಸಲಿಲ್ಲ. ಸುಮಾರು 28 ವರ್ಷಗಳ ಮೇಲೆ, 2010ರ ಮರುಮುದ್ರಣದಿಂದ ಲೋಕವೇ ಬೆರಗಾಯಿತು. ಇಂತಹ ಯಂತ್ರದ ಪೆಟ್ಟು ಪ್ರತಿಬಾರಿಯೂ ಬಹುಮಟ್ಟಿಗೆ ಒಂದೇ. ಹದಿನಾರು ಪೆಟ್ಟುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆದರೆ ಪೆಟ್ಟು ಹಾಗೆಯೇ ಉಳಿಯುತ್ತದೆ. ಅದರ ಮೇಲೆ ಬಾರಿಬಾರಿಗೂ ಬದಲಾಗುವ ಉಳಿದ ನಾದವು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಬದಲಾಗದೆ ಪ್ರತಿ ಪೆಟ್ಟಿನೊಡನೆಯೂ ಒಂದೇ ಸ್ವರವನ್ನು ಮೀಟುವ ವಾದ್ಯವಿದ್ದರೆ ಅದು ಮಾತ್ರ ಸಾಯುವುದಿಲ್ಲ. ಮನುಷ್ಯನ ಕಾಲು ಹೊಡೆದ ಪೆಟ್ಟುಗಳಿಗೆ ಈ ಗಣಿತ ಒಗ್ಗದು. ಅವನ ಎರಡು ಪೆಟ್ಟುಗಳು ಒಂದೇ ಆಗಿರುವುದಿಲ್ಲವಷ್ಟೆ.

ಇತ್ತೀಚೆಗೆ ಗಣಕಯಂತ್ರಕ್ಕೆ ಸಾವಿರಾರು ಹಾಡುಗಳನ್ನು ಕೇಳಿಸಿ ಕಲಿಸಿ, ಕಂಠ, ಡೋಲು, ತಗ್ಗುಸ್ವರ, ಉಳಿದದ್ದು ಎಂದು ನಾಲ್ಕು ಪಾಲು ಮಾಡಿಸುವ ವಿದ್ಯೆ ಬೆಳೆದಿದೆ. ಫ್ರಾನ್ಸಿನ ಡೀಜರ್ ಸಂಸ್ಥೆ 2019ರಲ್ಲಿ ಸ್ಪ್ಲೀಟರ್ ಎಂಬ ಸಾಧನವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಫೇಸ್‌ಬುಕ್ಕಿನ ಸಂಶೋಧಕರ ಡೆಮುಕ್ಸ್ ಅದೇ ಕಾಲದ್ದು. ನಾಲ್ಕೇ ಪಥಗಳ ಪಟ್ಟಿಯ ಮೇಲೆ 1966ರಲ್ಲಿ ಮುದ್ರಿತವಾದ ಬೀಟಲ್ಸ್ ತಂಡದ ‘ರಿವಾಲ್ವರ್’ ಸಂಪುಟವನ್ನು ಇಂಥದೇ ವಿದ್ಯೆಯಿಂದ ಬಿಡಿಬಿಡಿಯಾಗಿಸಿ 2022ರಲ್ಲಿ ಹೊಸದಾಗಿ ಬೆರೆಸಿದರು. ನಿಜವಾಗಿ ಅದ್ಭುತವೇ. ಆದರೂ ಹೀಗೆ ಬಿಡಿಸಿದ ಡೋಲನ್ನು ಒಂಟಿಯಾಗಿ ಕೇಳಿದರೆ ನೀರಿನೊಳಗಿಂದ ಬಂದಂತಹ ಒಂದು ಗುಳುಗುಳು ಸದ್ದು ಅಂಚಿನಲ್ಲಿ ಸುಳಿಯುವುದುಂಟು. ಹಾಡು ತಾನಾಗಿ ಮೌನಗೊಂಡ ಕಡೆ ಸಿಕ್ಕ ಪೆಟ್ಟಿಗೆ ಇದು ಸಮನಲ್ಲವೆಂಬುದು ನಮ್ಮ ಅಭಿಪ್ರಾಯ.

ನಮ್ಮ ಚರ್ಮವಾದ್ಯಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರು ಕಲ್ಕತ್ತೆಯ ಬೌಬಜಾರಿನ ವಿಜ್ಞಾನಮಂದಿರದಲ್ಲಿ ದುಡಿಯುತ್ತಿದ್ದ ಸಿ. ವಿ. ರಾಮನ್ನರು. ಸಾಮಾನ್ಯ ಡೋಲಿನ ಉಪನಾದಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ಮೃದಂಗ ತಬಲೆಗಳ ಮುಚ್ಚಿಗೆಗೆ ಮೆತ್ತುವ ಕರಣೆಯ ಭಾರವು ಆ ಉಪನಾದಗಳನ್ನು ಸ್ವರಬದ್ಧವಾಗಿಸುತ್ತದೆ ಎಂದು ಅವರು 1920ರಲ್ಲಿ ಬರೆದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆಯೂ ಅದನ್ನು ಬಿಡದೆ 1934ರಲ್ಲಿ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಇದರ ಫಲವೇನೆಂದರೆ, ಕಿಕ್ ಡ್ರಮ್ಮಿನ ಪೆಟ್ಟನ್ನು ಯಾವ ಶ್ರುತಿಯ ಹಾಡಿಗಾದರೂ ಹೆಚ್ಚು ಅಳುಕದೆ ಕೂರಿಸಬಹುದು. ತಬಲೆಯ ಬಲದ ಪೆಟ್ಟು ತನ್ನ ಶ್ರುತಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಬಾಯಾದಲ್ಲಂತೂ ಅಂಗೈಯ ಬುಡದ ಒತ್ತಡದಿಂದ ನಾದ ಜಾರುತ್ತ ಏರುತ್ತದೆ. ‘ಧಾ’ ಎಂಬ ಒಂದು ಬೋಲನ್ನು ಕತ್ತರಿಸಿದರೆ ಎರಡು ಕೈಗಳನ್ನೂ ಒಟ್ಟಿಗೆ ಕತ್ತರಿಸಿದಂತೆ. ಎಡವನ್ನು ಮಾತ್ರ ಬೇಕೆನ್ನುವವನು ‘ಘೆ’ ಒಂಟಿಯಾಗಿ ಬೀಳುವ ಜಾಗವನ್ನು ಕಾಯಬೇಕು.

ಕೈಯ ಮಾತು ಬಂದ ಮೇಲೆ ಆ ಕೈ ಯಾರದೆಂಬ ಮಾತೂ ಬರಲೇಬೇಕು. ಗೌಹರ್ ಜಾನ್ ತನ್ನ ತಟ್ಟೆಗಳ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಪಕ್ಕದಲ್ಲಿ ತಬಲೆ ನುಡಿಸಿದವನು ತನ್ನ ಹೆಸರನ್ನು ಕೂಗಲಿಲ್ಲ; ಅದನ್ನು ಚೀಟಿಯ ಮೇಲೆ ಅಚ್ಚು ಹಾಕುವ ವಾಡಿಕೆಯೂ ಆಗ ಇರಲಿಲ್ಲ. ಕಾಲ ಬದಲಾಯಿತೆಂದು ಹೇಳಲಾರೆವು. ಅಮೆರಿಕೆಯ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡೋಲುಗಾರ 1969ರಲ್ಲಿ ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡಿಗೆ ನುಡಿಸಿದ ಕೆಲವು ಸೆಕೆಂಡುಗಳ ತಾಳವನ್ನು ಸಾವಿರಕ್ಕೂ ಮಿಕ್ಕ ಹಾಡುಗಳಲ್ಲಿ ಕತ್ತರಿಸಿ ಅಂಟಿಸಿದರು. ಹಾಡಿನ ಒಡೆತನದಲ್ಲಿ ಪಾಲಿಲ್ಲದ ಕಾರಣ ಅದರಿಂದ ಬಂದ ಹಣದಲ್ಲಿ ಅವನಿಗೆ ಹಕ್ಕಿರಲಿಲ್ಲ. ಅವನು 2017ರಲ್ಲಿ ತೀರಿಕೊಂಡನು.

ನ್ಯಾಯಾಲಯಗಳೂ ಒಮ್ಮತಕ್ಕೆ ಬಂದಿಲ್ಲ. ಅಮೆರಿಕೆಯ ಒಂದು ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಎಷ್ಟೇ ಚಿಕ್ಕ ತುಣುಕಿಗೂ ಅನುಮತಿ ಬೇಕೆಂದಿತು. ಇನ್ನೊಂದು 2016ರಲ್ಲಿ ಮಡೋನಾಳ ಹಾಡಿನಲ್ಲಿದ್ದ 0.23 ಸೆಕೆಂಡಿನ ಕಹಳೆಯ ತುಣುಕು ಲೆಕ್ಕಕ್ಕಿಲ್ಲದಷ್ಟು ಅಲ್ಪವೆಂದಿತು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ 1977ರ ಹಾಡೊಂದರಿಂದ ಎತ್ತಿದ ಸುಮಾರು ಎರಡು ಸೆಕೆಂಡಿನ ತಾಳಕ್ಕಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ವ್ಯಾಜ್ಯ ನಡೆಯಿತು. ಕಿವಿಗೆ ಗುರುತು ಸಿಗದಂತೆ ಮಾರ್ಪಡಿಸದ ಹೊರತು ಅನುಮತಿ ಬೇಕೆಂದು ಐರೋಪ್ಯ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ನಮ್ಮ ದೇಶದಲ್ಲಿ 1957ರ ಹಕ್ಕುಸ್ವಾಮ್ಯ ಕಾನೂನಿನಂತೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದ ಮೊದಲಿನಿಂದ 60 ವರ್ಷ ಇರುತ್ತದೆ. ಚರಣ್‌ಜಿತ್ ಸಿಂಗರ ತಟ್ಟೆಯ ಹಕ್ಕು ಈ ಲೆಕ್ಕದಲ್ಲಿ 2042ರ ಕೊನೆಯವರೆಗೆ ನಡೆಯುತ್ತದೆ. 1964ರ ಅಂತ್ಯದೊಳಗೆ ನಮ್ಮಲ್ಲಿ ಪ್ರಕಟವಾದ ತಟ್ಟೆಗಳ ಮುದ್ರಣದ ಹಕ್ಕು ಈಗ ತೀರಿದೆ. ಹಾಡಿನ ಮಾತು ಮತ್ತು ಧಾಟಿಗಳ ಹಕ್ಕು ಕರ್ತೃವಿನ ಮರಣದ ನಂತರದ 60 ವರ್ಷಗಳ ಮೇಲೆ ನಿಂತದ್ದು, ಅದು ಬೇರೆ. ಹೀಗಾಗಿ 1925ರ ಮುದ್ರಣವಿದ್ಯೆಗೂ 1964ರ ಕೊನೆಗೂ ನಡುವೆ, ತಗ್ಗುನಾದವೂ ಇದ್ದು ಮುದ್ರಣದ ಹಕ್ಕಿನ ತೊಡಕೂ ಕಳೆದ ತಟ್ಟೆಗಳ ಒಂದು ದೊಡ್ಡ ರಾಶಿಯೇ ನಮಗಿದೆ. ಅವುಗಳಲ್ಲಿ ಬಹಳಷ್ಟು ಅಚ್ಚಾದದ್ದು ಗಾರ್ಡನ್ ರೀಚ್‌ನ ನಗರದಲ್ಲಿಯೇ, ಡಂಡಂ ಕಾರ್ಖಾನೆಯಲ್ಲಿ.

ಬಿಡಿಸಿದ ಪೆಟ್ಟನ್ನು ಕಡತವಾಗಿ ಉಳಿಸುವಾಗ ‘ಕಿಕ್ 1’, ‘ಕಿಕ್ 2’ ಎಂದು ಹೆಸರಿಡುವವರೇ ಹೆಚ್ಚು. ಆರು ತಿಂಗಳ ಮೇಲೆ ಅದು ಎಲ್ಲಿಂದ ಬಂತೆಂದು ಅವರಿಗೇ ತಿಳಿಯದು; ಅನುಮತಿ ಕೇಳಬೇಕಾಗಿ ಬಂದರೆ ಯಾರನ್ನು ಕೇಳುವುದು? ತಟ್ಟೆಯ ಸಂಖ್ಯೆ, ಮುದ್ರಣದ ವರ್ಷ, ಎಷ್ಟನೆಯ ನಿಮಿಷದ ಎಷ್ಟನೆಯ ಸೆಕೆಂಡು, ಶ್ರುತಿ, ನುಡಿಸಿದವರ ಹೆಸರು ಇವಿಷ್ಟನ್ನು ಬರೆಯಲು ಒಂದು ಸಾಲು ಸಾಕು. ಹಳೆಯ ತಟ್ಟೆಗಳಲ್ಲಿ ಕೊನೆಯ ಅಂಕಣ ಎಷ್ಟೋ ಬಾರಿ ಖಾಲಿಯಾಗಿ ಉಳಿಯುತ್ತದೆ. ಖಾಲಿಯಾಗಿಯೇ ಇರಲಿ, ಆದರೆ ಅಂಕಣವನ್ನು ಅಳಿಸುವುದು ಬೇಡ. ಹಳೆಯ ತಟ್ಟೆಗಳ ಸಂಗ್ರಾಹಕರು ಹುಡುಕುತ್ತಲೇ ಇದ್ದಾರೆ, ಇಂದಲ್ಲ ನಾಳೆ ಒಂದೆರಡು ಹೆಸರಾದರೂ ಸಿಕ್ಕಾವು.