ಮದ್ದಿನವರಿಗೆ ಎಸ್ಸೆಮ್ಮೆಸ್ಸೇ ಆಗಬೇಕು

2024ರ ಜುಲೈ. ಅಡಿಕೆಗೆ ಮೊದಲ ಸಲ ಬೋರ್ಡೋ ಬಿಟ್ಟು 45 ದಿನ ಆಗಿತ್ತು. ಎರಡನೇ ಮದ್ದಿನ ಹೊತ್ತು. ಆದರೆ ಮಳೆ ಬಿಡಬೇಕಲ್ಲ! ಮದ್ದು ಬಿಡುವ ತಂಡದ ಮೇಸ್ತ್ರಿ ಬುಧವಾರ ಬರುತ್ತೇನೆಂದಿದ್ದರು. ಸೋಮವಾರ ರಾತ್ರಿ ಆಕಾಶ ತಿಳಿಯಾಯಿತು. ಫೋನು ಮಾಡಿದೆ, ತಾಗಲಿಲ್ಲ. 'ನಾಳೆ ಬೆಳಗ್ಗೆಯೇ ಬನ್ನಿ' ಎಂದು ವಾಟ್ಸಾಪಿನಲ್ಲಿ ಹೇಳಿ ಮಲಗಿದೆ.

ಮಂಗಳವಾರ ಒಳ್ಳೆ ಬಿಸಿಲು. ಮೈಲುತುತ್ತು ನೆನೆಹಾಕಿ ಹತ್ತು ಗಂಟೆಯವರೆಗೆ ಕಾದದ್ದೇ ಬಂತು. ಮೊಬೈಲು ನೋಡಿದರೆ ನಾನು ಕಳಿಸಿದ್ದಕ್ಕೆ ಒಂದೇ ಗೀಟು. ಬುಧವಾರ ತಂಡ ಬಂತು, ಜತೆಗೆ ಮಳೆಯೂ ಬಂತು. ಆಮೇಲೆ ಒಂಬತ್ತು ದಿನ ಬಿಡಲೇ ಇಲ್ಲ. ಕೆಳಗಿನ ತೋಟದಲ್ಲಿ ಕೊಳೆರೋಗ ಹಿಡಿದು ಬೆಳಗ್ಗೆ ಬೆಳಗ್ಗೆ ಮರದ ಬುಡದಲ್ಲಿ ಎಳೆಕಾಯಿಯ ರಾಶಿ.

"ನಮ್ಮ ಗುಡ್ಡೆಯಲ್ಲಿ ನೆಟ್ಟು ಎಲ್ಲುಂಟು ಅಣ್ಣೇರೇ? ಒಂದು ಮೆಸೇಜು ಹಾಕಬಾರದಿತ್ತಾ ಮಾರಾಯ್ರೆ?" ಎಂದರು ಮೇಸ್ತ್ರಿ. ಅವರ ಕೈಯಲ್ಲಿ ಇದ್ದದ್ದೂ ಸ್ಮಾರ್ಟ್ ಫೋನೇ.

ಸ್ಮಾರ್ಟ್ ಫೋನ್ ಬಂದ ಮೇಲೆ ಎಸ್ಸೆಮ್ಮೆಸ್ಸನ್ನು ಬ್ಯಾಂಕಿನವರಿಗೆ ಬಿಟ್ಟುಕೊಟ್ಟು ಕೂತವರಲ್ಲಿ ನಾನೂ ಒಬ್ಬ. ಅದರ ಗುಣ ಏನೆಂದು ತಿಳಿದುಕೊಂಡದ್ದು ಈ ಪೆಟ್ಟು ತಿಂದ ಮೇಲೆ.

ಫೋನು ಕರೆಗೆ ಮಾತು ಮುಗಿಯುವವರೆಗೆ ಸಿಗ್ನಲ್ ನಿಲ್ಲಬೇಕು. ವಾಟ್ಸಾಪಿಗೆ ಎರಡೂ ಕಡೆ ಇಂಟರ್ನೆಟ್ ಬೇಕು. ಎಸ್ಸೆಮ್ಮೆಸ್ ಬಹಳ ಪುಟ್ಟ ಹೊರೆ, ಒಂದು ಕ್ಷಣ ಸಿಗ್ನಲ್ ಸಿಕ್ಕಿದರೂ ನುಸುಳಿಬಿಡುತ್ತದೆ. ನಾವು ಕಳಿಸಿದ್ದು ಮೊದಲು ಕಂಪೆನಿಯ ಸಂದೇಶ ಕೇಂದ್ರಕ್ಕೆ ಹೋಗುತ್ತದೆ. ಆಚೆಯವರ ಮೊಬೈಲು ಆಫ್ ಆಗಿದ್ದರೆ ಅಲ್ಲೇ ಉಳಿದು, ಆನ್ ಆದ ಮೇಲೆ ತಲುಪುತ್ತದೆ. ವಾಟ್ಸಾಪೂ ಹೀಗೆಯೇ ಕಾಯುತ್ತದೆ ನಿಜ. ಆದರೆ ಅದು ಕಾಯುವುದು ನೆಟ್ಟಿಗೆ, ಇದು ಕಾಯುವುದು ಬರೀ ಸಿಗ್ನಲಿಗೆ. ನಮ್ಮಂಥ ಗುಡ್ಡೆ-ಕಣಿಯ ಊರಿನಲ್ಲಿ ಈ ವ್ಯತ್ಯಾಸವೇ ದೊಡ್ಡದು. ಬಟನ್ ಮೊಬೈಲಿಗೂ ಇದು ಹೋಗುತ್ತದೆ.

ಮಿತಿಯೂ ಉಂಟು. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಟೈಪ್‌ರೈಟರಿನಲ್ಲಿ ಸಾಮಾನ್ಯ ವಾಕ್ಯಗಳನ್ನು ಬರೆದು ಎಣಿಸಿ, ಇಷ್ಟು ಸಾಕೆಂದು ಕಂಡುಕೊಂಡರಂತೆ. ಪೋಸ್ಟ್ ಕಾರ್ಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಕಾರ್ಡು ಬರೆದು ಅಭ್ಯಾಸ ಇದ್ದ ನಮಗೆ ಇದೇನೂ ಕಷ್ಟವಲ್ಲ. ಕನ್ನಡದಲ್ಲಿ ಮಾತ್ರ 70ಕ್ಕೇ ಮುಗಿಯುತ್ತದೆ. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕ. 'ಮದ್ದು' ಎಂದರೆ ನಮಗೆ ಎರಡಕ್ಷರ, ಅದಕ್ಕೆ ಐದು! ಹೆಚ್ಚಾದರೆ ತುಂಡು ತುಂಡಾಗಿ ಹೋಗುತ್ತದೆ, ಲೆಕ್ಕಕ್ಕೂ ಎರಡೋ ಮೂರೋ ಆಗುತ್ತದೆ.

ಈಗ ನಾನು ಅನುಸರಿಸುವ ಕ್ರಮ ಹೀಗೆ:

ಒಂದು, ಒಂದು ಮೆಸೇಜಿಗೆ ಒಂದೇ ವಿಷಯ.

ಎರಡು, 'ನಾಳೆ' ಎಂದು ಬರೆಯುವುದೇ ಇಲ್ಲ. ಮೆಸೇಜು ತಲುಪುವಾಗ ಒಂದು ದಿನ ತಡವಾದರೆ ನಾಳೆ ಎಂಬುದು ನಾಡಿದ್ದಾಗಿಬಿಡುತ್ತದೆ. ವಾರ, ತಾರೀಕು ಎರಡನ್ನೂ ಹಾಕಬೇಕು: 'ಮಂಗಳವಾರ 23, ಬೆಳಗ್ಗೆ 7ಕ್ಕೆ ಮದ್ದು'.

ಮೂರು, ಕೊನೆಗೆ ನಮ್ಮ ಹೆಸರು. ಎಲ್ಲರ ಮೊಬೈಲಿನಲ್ಲೂ ನಮ್ಮ ನಂಬರು ಇರುವುದಿಲ್ಲ.

ನಾಲ್ಕು, 'ಆಯ್ತು' ಎಂಬ ಉತ್ತರ ಬರುವವರೆಗೆ ಕೆಲಸ ಗಟ್ಟಿಯಾಯಿತೆಂದು ಲೆಕ್ಕವಿಲ್ಲ. ಕೆಲವು ಮೊಬೈಲಿನಲ್ಲಿ 'ಡೆಲಿವರಿ ರಿಪೋರ್ಟ್' ಆನ್ ಮಾಡಲಿಕ್ಕೆ ಬರುತ್ತದೆ. ಆದರೆ ತಲುಪಿತು ಎಂದರೆ ಓದಿದರು ಅಂತ ಅರ್ಥವಲ್ಲ.

ಇದು ಸರ್ವರೋಗಕ್ಕೆ ಮದ್ದಲ್ಲ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ ಎಸ್ಸೆಮ್ಮೆಸ್ಸೂ ಇಲ್ಲ. ರೋಗದ ಎಲೆಯ ಫೋಟೋ ಕಳಿಸಲಿಕ್ಕೆ ವಾಟ್ಸಾಪೇ ಸರಿ. ಗುರುತಿಲ್ಲದ ನಂಬರಿನಿಂದ ಲಿಂಕ್ ಬಂದರೆ ಒತ್ತಲೇಬಾರದು. ಅಂಥ ಮೋಸ ಇದರಲ್ಲೂ ಧಾರಾಳ. ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಉಂಟೋ ಎಂದೂ ನೋಡಿಕೊಳ್ಳಬೇಕು. ನೆಟ್ಟು ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪೆನಿಗಳಿಗೆ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ನಾವೇ ಕೇಳಬೇಕು.

2025ರ ಮಳೆಗಾಲದಲ್ಲಿ ಮತ್ತೆ ಹಾಗೆಯೇ ಒಂದು ರಾತ್ರಿ ಮಳೆ ಬಿಟ್ಟಿತು. ಈ ಸಲ ಮೇಸ್ತ್ರಿಗೆ ಎಸ್ಸೆಮ್ಮೆಸ್ ಹಾಕಿದೆ. ಬೆಳಗ್ಗೆ ಐದೂವರೆಗೆ ಅವರು ಹಾಲಿನ ಡಿಪೋದ ಹತ್ತಿರ ಇಳಿದಾಗ ಸಿಗ್ನಲ್ ಸಿಕ್ಕಿರಬೇಕು, 'ಆಯ್ತು' ಎಂದು ಬಂತು. ಮಧ್ಯಾಹ್ನದೊಳಗೆ ಕೆಳಗಿನ ತೋಟಕ್ಕೆ ಮದ್ದು ಮುಗಿಯಿತು, ಸಂಜೆ ಮಳೆ ಸುರಿಯಿತು.

ನೆಟ್ಟಿಲ್ಲದ ಕಣಿಗಳಲ್ಲಿ ನೀವು ಆಳುಗಳಿಗೆ, ನೆರೆಕರೆಗೆ ಸುದ್ದಿ ಮುಟ್ಟಿಸುವುದು ಹೇಗೆ? ಇದಕ್ಕಿಂತ ಒಳ್ಳೆ ಉಪಾಯ ಇದ್ದರೆ ಬರೆಯಿರಿ.