ಪುಷ್ಪಕವು ಮನೆಮನೆಗೆ ಏಕೆ ಬರಲಿಲ್ಲ?

ಪುರಾಣಗಳಲ್ಲಿ ಸ್ವಂತ ವಿಮಾನದ ಒಡೆಯನೆಂದು ಪ್ರಸಿದ್ಧನಾದವನು ಕುಬೇರ. ಧನಾಧಿಪತಿಗೆ ಅದನ್ನು ಸಾಕುವ ಶಕ್ತಿಯಿದ್ದುದರಲ್ಲಿ ಆಶ್ಚರ್ಯವಿಲ್ಲ. ರಾವಣನು ಆ ಪುಷ್ಪಕವನ್ನು ಬಲಾತ್ಕಾರದಿಂದ ಕಿತ್ತುಕೊಂಡನು. ಶ್ರೀರಾಮನಾದರೋ ಲಂಕೆಯಿಂದ ಹಿಂದಿರುಗಿದ ಮೇಲೆ ಅದನ್ನು ತನ್ನಲ್ಲಿ ಇರಿಸಿಕೊಳ್ಳದೆ ಮೂಲ ಒಡೆಯನಿಗೇ ಕಳುಹಿಸಿಕೊಟ್ಟನು. ಧರ್ಮದ ದೃಷ್ಟಿಯಿಂದ ಮಾತ್ರವಲ್ಲ, ಲೆಕ್ಕಪತ್ರದ ದೃಷ್ಟಿಯಿಂದಲೂ ಅದು ವಿವೇಕದ ನಿರ್ಧಾರವೆಂದೇ ಹೇಳಬೇಕು.

ರೈಟ್ ಸಹೋದರರು 1903ರಲ್ಲಿ ಪ್ರಥಮ ಬಾರಿಗೆ ಹಾರಿದಾಗ ಮೋಟಾರು ಕಾರು ಕೂಡ ಎಳೆಯ ಪ್ರಾಯದ ವಾಹನವೇ ಆಗಿತ್ತು. ಒಂದು ಶತಮಾನದೊಳಗೆ ಕಾರು ಮಧ್ಯಮ ವರ್ಗದವರ ಅಂಗಳಕ್ಕೆ ಬಂದು ನಿಂತಿತು. ವಿಮಾನವೇಕೆ ಬರಲಿಲ್ಲ? ‘ಬೆಲೆ ಬಹಳ’ ಎಂಬುದು ಥಟ್ಟನೆ ಹೊಳೆಯುವ ಉತ್ತರ. ಆದರೆ ಅದು ಅರ್ಧ ಸತ್ಯ ಮಾತ್ರ. ಅಮೆರಿಕದಲ್ಲಿ ಹಳೆಯದೊಂದು ಸಣ್ಣ ವಿಮಾನದ ಬೆಲೆಯು ಅಲ್ಲಿನ ಹೊಸ ಉತ್ತಮ ಕಾರೊಂದರ ಬೆಲೆಗೆ ಸರಿಸಮವಾಗಿರುವುದುಂಟು. ಆದರೂ ಕೊಳ್ಳುವವರು ವಿರಳ. ಆದುದರಿಂದ ನಿಜವಾದ ಕಾರಣವನ್ನು ಬೇರೆಡೆ ಹುಡುಕಬೇಕಾಗಿದೆ.

ಅಮೆರಿಕದ ಕನಸು

ಮನೆಗೊಂದು ವಿಮಾನವೆಂಬ ಕನಸನ್ನು ಗಂಭೀರವಾಗಿ ಕಂಡು ಬಂಡವಾಳ ಹೂಡಿದ ದೇಶ ಅಮೆರಿಕ. ಜನಸಾಮಾನ್ಯನಿಗೆ ಕಾರನ್ನು ಒದಗಿಸಿದ ಹೆನ್ರಿ ಫೋರ್ಡ್ 1926ರಲ್ಲಿ ಒಬ್ಬನೇ ಕೂರಬಲ್ಲ ‘ಫ್ಲಿವರ್’ ಎಂಬ ಪುಟ್ಟ ವಿಮಾನವನ್ನು ತಯಾರಿಸಿದರು. 1928ರ ಫೆಬ್ರವರಿಯಲ್ಲಿ ಅದರ ಚಾಲಕ ಹ್ಯಾರಿ ಬ್ರೂಕ್ಸ್ ಫ್ಲಾರಿಡಾದ ಕಡಲಲ್ಲಿ ವಿಮಾನಸಹಿತ ಬಿದ್ದು ಮಡಿದನು. ಫೋರ್ಡರು ಆ ಯೋಜನೆಯನ್ನು ಕೈಬಿಟ್ಟರು. 1933ರಲ್ಲಿ ಅಲ್ಲಿನ ಸರಕಾರದ ವಿಮಾನಯಾನ ಅಧಿಕಾರಿಯಾಗಿದ್ದ ಯೂಜೀನ್ ವಿಡಾಲ್ ಕೇವಲ 700 ಡಾಲರಿಗೆ ದೊರೆಯುವ ‘ಬಡವನ ವಿಮಾನ’ದ ಸಲಹೆಯನ್ನು ಮುಂದಿಟ್ಟರು. ಅದು ಆ ಬೆಲೆಗೆ ಎಂದೂ ಮಾರುಕಟ್ಟೆಗೆ ಬರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಆಸೆ ಮತ್ತೆ ಚಿಗುರಿತು. ಯುದ್ಧದಿಂದ ಹಿಂದಿರುಗಿದ ಸಾವಿರಾರು ವೈಮಾನಿಕರು ತಮ್ಮ ಸಂಸಾರಕ್ಕೊಂದು ವಿಮಾನವನ್ನು ಕೊಳ್ಳುವರೆಂದು ಕಾರ್ಖಾನೆಗಳು ನಂಬಿದವು. ‘ಎರ್ಕೂಪ್’ ಎಂಬ ಎರಡಾಸನದ ವಿಮಾನವನ್ನು 1945ರಲ್ಲಿ ಮೇಸಿ ಎಂಬ ಬೃಹತ್ ಮಳಿಗೆಯಲ್ಲಿ ಬಟ್ಟೆಬರೆ, ಪಾತ್ರೆಪಗಡಗಳೊಂದಿಗೆ ಮಾರಾಟಕ್ಕಿಡಲಾಯಿತು. 1946ರ ಒಂದೇ ವರ್ಷದಲ್ಲಿ 30 ಸಾವಿರಕ್ಕೂ ಮಿಕ್ಕಿ ಸಣ್ಣ ವಿಮಾನಗಳು ತಯಾರಾದವು. ಮರುವರ್ಷ ಆ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಕೊಂಡವರಿಗೆ ಸ್ವಲ್ಪ ಕಾಲದಲ್ಲಿಯೇ ಒಂದು ಸಂಗತಿ ಮನವರಿಕೆಯಾಗಿತ್ತು: ವಿಮಾನವು ಮನೆಯ ಬಾಗಿಲಿನಿಂದ ಹೊರಡುವುದಿಲ್ಲ, ಹೋಗಬೇಕಾದ ಮನೆಯ ಬಾಗಿಲಿಗೂ ಮುಟ್ಟಿಸುವುದಿಲ್ಲ. ಎರಡು ತುದಿಗಳಲ್ಲಿಯೂ ಕಾರು ಬೇಕೇ ಬೇಕು.

ಕೊಳ್ಳುವ ಬೆಲೆ, ಸಾಕುವ ಬೆಲೆ

ಸಣ್ಣ ವಿಮಾನಗಳಲ್ಲಿ ಅತ್ಯಂತ ಜನಪ್ರಿಯವಾದುದು ಸೆಸ್ನಾ 172. ಇದುವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿರುವ ಈ ನಾಲ್ಕಾಸನದ ವಿಮಾನವು ಗಂಟೆಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ; ಗಂಟೆಗೆ 30ರಿಂದ 35 ಲೀಟರ್ ಇಂಧನವನ್ನು ಕುಡಿಯುತ್ತದೆ. ಟ್ಯಾಂಕನ್ನು ಪೂರ್ತಿ ತುಂಬಿಸಿದರೆ ತೂಕದ ಮಿತಿಯಿಂದಾಗಿ ನಾಲ್ವರು ದೊಡ್ಡವರು ಸಾಮಾನು ಸಹಿತ ಕೂರುವಂತಿಲ್ಲ. ಸುಮಾರು 2,000 ಗಂಟೆ ಹಾರಿದ ಮೇಲೆ ಎಂಜಿನ್ನನ್ನು ಪೂರ್ಣವಾಗಿ ಬಿಚ್ಚಿ ನವೀಕರಿಸಬೇಕೆಂಬುದು ತಯಾರಕರ ಸೂಚನೆ.

ಇವೆಲ್ಲ ಹಾರಿದಷ್ಟಕ್ಕೆ ತಗಲುವ ವೆಚ್ಚಗಳು. ಹಾರಲಿ, ಹಾರದಿರಲಿ, ತಪ್ಪದೆ ತೆರಬೇಕಾದ ವೆಚ್ಚಗಳು ಬೇರೆ ಇವೆ: ಹ್ಯಾಂಗರಿನ ಬಾಡಿಗೆ, ವಿಮೆಯ ಕಂತು, ಪ್ರತಿ ವರ್ಷ ಅಧಿಕೃತ ತಜ್ಞನಿಂದ ಆಗಲೇಬೇಕಾದ ಸಮಗ್ರ ತಪಾಸಣೆ, ಹೂಡಿದ ಹಣದ ಮೇಲಿನ ಬಡ್ಡಿ. ವಾಣಿಜ್ಯಶಾಸ್ತ್ರದಲ್ಲಿ ಇವುಗಳಿಗೆ ಸ್ಥಿರ ವೆಚ್ಚಗಳೆಂದು ಹೆಸರು. ಸ್ವಂತ ವಿಮಾನದ ಕಷ್ಟವೆಲ್ಲ ಅಡಗಿರುವುದು ಇಲ್ಲಿಯೇ.

ಒಂದು ಮಾದರಿ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಅಮೆರಿಕದ ಒಬ್ಬ ಮಾಲೀಕನಿಗೆ ಸ್ಥಿರ ವೆಚ್ಚ ವರ್ಷಕ್ಕೆ 12,000 ಡಾಲರ್, ಹಾರಾಟದ ವೆಚ್ಚ ಗಂಟೆಗೆ 90 ಡಾಲರ್ ಎಂದು ಭಾವಿಸೋಣ. ಅವನು ವರ್ಷಕ್ಕೆ 200 ಗಂಟೆ ಹಾರಿದರೆ ಗಂಟೆಯೊಂದಕ್ಕೆ ಬೀಳುವ ಒಟ್ಟು ವೆಚ್ಚ 150 ಡಾಲರ್. ಕೇವಲ 40 ಗಂಟೆ ಹಾರಿದರೆ ಅದೇ ವೆಚ್ಚ 390 ಡಾಲರಿಗೆ ಏರುತ್ತದೆ. ದುಡಿದು ತಿನ್ನುವ ಮನುಷ್ಯನಿಗೆ ವರ್ಷಕ್ಕೆ 200 ಗಂಟೆ ಆಕಾಶದಲ್ಲಿ ಕಳೆಯುವಷ್ಟು ಬಿಡುವೆಲ್ಲಿಯದು? ಬಿಡುವುಳ್ಳವನಿಗೆ ಅಷ್ಟು ಆದಾಯವೆಲ್ಲಿಯದು? ಹೀಗಾಗಿ ಎಷ್ಟೋ ವಿಮಾನಗಳು ವರ್ಷದ ಬಹುಭಾಗ ಕಟ್ಟಿಹಾಕಿದ ಆನೆಗಳಂತೆ ನಿಂತಲ್ಲೇ ನಿಂತು ಮೇಯುತ್ತಿರುತ್ತವೆ.

ಕಾರ್ಖಾನೆಯ ಲೆಕ್ಕ

ಮಾಲೀಕನನ್ನು ಕಾಡುವ ಈ ಗಣಿತವೇ ತಯಾರಕನನ್ನೂ ಕಾಡುತ್ತದೆ. ವಿಮಾನದ ಹೊಸ ಮಾದರಿಯೊಂದಕ್ಕೆ ಸುರಕ್ಷತೆಯ ಪ್ರಮಾಣಪತ್ರ ಪಡೆಯಲು ಆಗುವ ಭಾರಿ ಖರ್ಚನ್ನು ಮಾರಾಟವಾಗುವ ಕೆಲವೇ ವಿಮಾನಗಳ ಮೇಲೆ ಹಂಚಬೇಕು. ಕಾರಿನ ಕಾರ್ಖಾನೆಯಾದರೋ ಅಂತಹ ಖರ್ಚನ್ನು ಲಕ್ಷಾಂತರ ಕಾರುಗಳ ಮೇಲೆ ಹಂಚಿಬಿಡುತ್ತದೆ. ಮೇಲಾಗಿ, ವಿಮಾನ ದೀರ್ಘಾಯುಷಿ. ಐವತ್ತು ವರ್ಷಗಳ ಹಿಂದಿನವು ಇಂದಿಗೂ ಹಾರುತ್ತಿವೆ. ಅವುಗಳಲ್ಲೊಂದು ಅಪಘಾತಕ್ಕೀಡಾದರೆ ತಯಾರಕನು ನ್ಯಾಯಾಲಯದಲ್ಲಿ ಉತ್ತರ ಹೇಳಬೇಕಾಗುತ್ತಿತ್ತು.

1978ರಲ್ಲಿ ಅಮೆರಿಕದ ಕಾರ್ಖಾನೆಗಳು 17,811 ಸಾಮಾನ್ಯ ಬಳಕೆಯ ವಿಮಾನಗಳನ್ನು ಮಾರಿದ್ದವು. ಆ ಬಳಿಕ ಇಳಿಮುಖ. ಬಡ್ಡಿದರದ ಏರಿಕೆ, ಆರ್ಥಿಕ ಹಿಂಜರಿತ, ಪರಿಹಾರದ ದಾವೆಗಳು ಹಾಗೂ ಅವುಗಳಿಗಾಗಿ ತೆರಬೇಕಾದ ವಿಮೆ ಎಲ್ಲವೂ ಸೇರಿದವು. ಸೆಸ್ನಾ ಕಂಪನಿ 1986ರಲ್ಲಿ ಒಂದೇ ಎಂಜಿನ್ನಿನ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. ಪೈಪರ್ ಕಂಪನಿ 1991ರಲ್ಲಿ ದಿವಾಳಿಯ ಅರ್ಜಿ ಹಾಕಿತು. 18 ವರ್ಷ ಮೀರಿದ ಸಣ್ಣ ವಿಮಾನದ ಬಗ್ಗೆ ತಯಾರಕನ ಮೇಲೆ ಸಾಮಾನ್ಯವಾಗಿ ದಾವೆ ಹೂಡುವಂತಿಲ್ಲವೆಂಬ ಕಾಯಿದೆ 1994ರಲ್ಲಿ ಬಂದ ಮೇಲೆಯೇ ಸೆಸ್ನಾ ಪುನಃ ಆ ಕೆಲಸಕ್ಕೆ ಕೈಹಾಕಿತು. ಆದರೆ ಹಳೆಯ ಬೆಲೆ ಹಿಂದಿರುಗಲಿಲ್ಲ. 1956ರಲ್ಲಿ ಸುಮಾರು 9 ಸಾವಿರ ಡಾಲರಿಗೆ ಸಿಗುತ್ತಿದ್ದ ಸೆಸ್ನಾ 172 ಇಂದು ಹೊಸದಾದರೆ 4 ಲಕ್ಷ ಡಾಲರಿಗೂ ಮಿಕ್ಕುತ್ತದೆ. ಹಣದ ಬೆಲೆ ಕುಸಿದುದನ್ನು ಗಣನೆಗೆ ತೆಗೆದುಕೊಂಡರೂ ಅದು ಲಕ್ಷ ಡಾಲರಿನ ಆಸುಪಾಸಿನಲ್ಲಿ ಇರಬೇಕಾಗಿತ್ತು. ಮಾರಾಟ ಕಡಿಮೆಯಾದಂತೆ ಬೆಲೆ ಏರಿತು. ಬೆಲೆ ಏರಿದಂತೆ ಮಾರಾಟ ಮತ್ತಷ್ಟು ಕುಗ್ಗಿತು.

ಹಣಕ್ಕೆ ಬಗ್ಗದ ಎರಡು: ಮೈ ಮತ್ತು ಮೋಡ

ಹಣದ ತೊಡಕನ್ನು ದಾಟಿದವನಿಗೆ ಎದುರಾಗುವುದು ದೇಹದ ತೊಡಕು. ಅಮೆರಿಕದಲ್ಲಿ ಖಾಸಗಿ ಚಾಲಕನ ಪರವಾನಗಿಗೆ ಕನಿಷ್ಠ 40 ಗಂಟೆಗಳ ಹಾರಾಟದ ಜೊತೆಗೆ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ನಲವತ್ತು ವರ್ಷಕ್ಕೆ ಕಡಿಮೆ ವಯಸ್ಸಿನವರಿಗೆ ಅದು ಐದು ವರ್ಷ ಸಲ್ಲುತ್ತದೆ; ನಲವತ್ತು ದಾಟಿದವರಿಗೆ ಎರಡೇ ವರ್ಷ. ಅಪಸ್ಮಾರ, ಹೃದಯಾಘಾತ, ಔಷಧಿಯಿಂದ ಹತೋಟಿಯಲ್ಲಿರುವ ಮಧುಮೇಹ ಇಂತಹವು ಇದ್ದರೆ ಹೆಚ್ಚಿನ ಪರೀಕ್ಷೆಗಳಿಗೆ ಒಳಗಾಗಿ ಯೋಗ್ಯತೆಯನ್ನು ಸಿದ್ಧಪಡಿಸಬೇಕು. 2017ರಿಂದ ಖಾಸಗಿ ಚಾಲಕರಿಗೆ ಈ ನಿಯಮದಲ್ಲಿ ಕೊಂಚ ಸಡಿಲಿಕೆ ದೊರೆತಿದೆಯಾದರೂ ವೈದ್ಯರ ಪರೀಕ್ಷೆ ತಪ್ಪಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಒಪ್ಪುತ್ತದೆ. ನಡುವಯಸ್ಸಿನಲ್ಲಿ ವಿಮಾನಕ್ಕೆ ಬೇಕಾದ ಹಣ ಕೂಡುವಷ್ಟರಲ್ಲಿ ರಕ್ತದೊತ್ತಡವೂ ಬಂದು ಕೂಡಿಕೊಂಡಿರುತ್ತದೆ.

ಆರೋಗ್ಯವಂತನ ದೇಹವೂ ಆಕಾಶದಲ್ಲಿ ನಂಬಿಕೆಗೆ ಅರ್ಹವಲ್ಲವೆಂಬುದು ಇನ್ನೂ ಗಹನವಾದ ವಿಷಯ. ನೆಲದ ಮೇಲೆ ಮನುಷ್ಯನ ಸಮತೋಲವನ್ನು ಕಾಯುವುದು ಕಣ್ಣು ಮತ್ತು ಒಳಗಿವಿ. ಒಳಗಿವಿಯ ಅರ್ಧವೃತ್ತಾಕಾರದ ಮೂರು ನಾಳಗಳಲ್ಲಿರುವ ದ್ರವದ ಚಲನೆಯಿಂದ ದೇಹವು ತಿರುಗುತ್ತಿದೆಯೆಂಬ ಅರಿವು ಮೆದುಳಿಗೆ ತಲುಪುತ್ತದೆ. ವಿಮಾನವು ಒಂದೇ ಸಮನೆ ನಿಧಾನವಾಗಿ ಸುತ್ತುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲಿ ಆ ದ್ರವವು ನಾಳದ ವೇಗಕ್ಕೇ ಹೊಂದಿಕೊಂಡುಬಿಡುತ್ತದೆ. ತಿರುಗುತ್ತಿರುವ ಭಾವನೆಯೇ ಅಳಿದುಹೋಗುತ್ತದೆ. ಆಗ ವಿಮಾನವನ್ನು ನೇರಮಾಡಿದರೆ ವಿರುದ್ಧ ದಿಕ್ಕಿಗೆ ಸುತ್ತುತ್ತಿರುವ ಭ್ರಮೆ ಹುಟ್ಟುತ್ತದೆ. ಹೊರಗೆ ದಿಗಂತ ಕಾಣುತ್ತಿರುವವರೆಗೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದೊಳಗೆ ಹೊಕ್ಕರೆ ತಿದ್ದುವವರಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ನಡೆದ ಪ್ರಯೋಗವೊಂದರಲ್ಲಿ, ಉಪಕರಣಗಳನ್ನು ಮಾತ್ರ ನೋಡಿ ಹಾರಿಸುವ ತರಬೇತಿಯಿಲ್ಲದ 20 ಮಂದಿಯನ್ನು ಮೋಡದೊಳಗಿನಂತಹ ಸ್ಥಿತಿಯಲ್ಲಿರಿಸಿ ಪರೀಕ್ಷಿಸಲಾಯಿತು. ಇಪ್ಪತ್ತು ಮಂದಿಯೂ ವಿಮಾನದ ಹತೋಟಿಯನ್ನು ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡುಗಳು, ಎಂದರೆ ಮೂರು ನಿಮಿಷಕ್ಕೂ ಕಡಿಮೆ.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನೆಡಿಯವರ ಪುತ್ರ ಜಾನ್ ಎಫ್. ಕೆನೆಡಿ ಜೂನಿಯರ್ ಅವರಿಗೆ ಹಣದ ಕೊರತೆಯಿರಲಿಲ್ಲ; ಉತ್ತಮವಾದ ಸ್ವಂತ ವಿಮಾನವಿತ್ತು. 1999ರ ಜುಲೈ 16ರ ರಾತ್ರಿ, ಮಬ್ಬು ಕವಿದ ಕಡಲಿನ ಮೇಲೆ ಹಾರುತ್ತಿದ್ದಾಗ ಅದು ಸಮುದ್ರಕ್ಕೆ ಬಿದ್ದಿತು. ಅವರು, ಅವರ ಪತ್ನಿ, ಪತ್ನಿಯ ಸೋದರಿ ಮೂವರೂ ಅಸುನೀಗಿದರು. ದಿಕ್ಕಿನ ಭ್ರಾಂತಿಯಿಂದ ಚಾಲಕರು ಹತೋಟಿ ತಪ್ಪಿದರೆಂಬುದೇ ತನಿಖೆಯ ತೀರ್ಮಾನವಾಗಿತ್ತು. ಉಪಕರಣಗಳನ್ನು ಮಾತ್ರ ನಂಬಿ ಹಾರಿಸುವ ಅರ್ಹತೆಯನ್ನು ಅವರು ಇನ್ನೂ ಪಡೆದಿರಲಿಲ್ಲ.

ಇಲ್ಲಿಯೇ ಹಣದ ಲೆಕ್ಕವೂ ಪ್ರಾಣದ ಲೆಕ್ಕವೂ ಒಂದನ್ನೊಂದು ಸಂಧಿಸುತ್ತವೆ. ವಿಮಾನ ನಡೆಸುವ ಕೌಶಲ ಅಭ್ಯಾಸವಿಲ್ಲದೆ ತುಕ್ಕು ಹಿಡಿಯುತ್ತದೆ. ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿಯದವನು ಇತರರನ್ನು ಕೂರಿಸಿಕೊಂಡು ಹಾರಕೂಡದೆಂದು ಅಮೆರಿಕದ ನಿಯಮವಿದೆ. ಖರ್ಚಿಗೆ ಅಂಜಿ ಕಡಿಮೆ ಹಾರುವ ಮಾಲೀಕನು ಗಂಟೆಗೆ ಹೆಚ್ಚು ಹಣವನ್ನು ತೆರುವುದಷ್ಟೇ ಅಲ್ಲ, ಹೆಚ್ಚು ಅಪಾಯವನ್ನೂ ತಲೆಯ ಮೇಲೆ ಎಳೆದುಕೊಳ್ಳುತ್ತಾನೆ. ಕಾರನ್ನು ಆರು ತಿಂಗಳು ನಿಲ್ಲಿಸಿ ಮತ್ತೆ ತೆಗೆದವನಿಗೆ ಇಷ್ಟು ದೊಡ್ಡ ದಂಡವಿಲ್ಲ.

ಭಾರತದ ಮಾತು

ಭಾರತದಲ್ಲಿ ಪ್ರಥಮ ವಿಮಾನಚಾಲಕ ಪರವಾನಗಿಯನ್ನು 1929ರ ಫೆಬ್ರವರಿ 10ರಂದು ಪಡೆದವರು ಜೆ.ಆರ್.ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತು ಅವರು ಬಂದಿಳಿದ ಜುಹೂ ನಿಲ್ದಾಣವು ಮುಂಬಯಿ ಕನ್ನಡಿಗರಿಗೆ ಪರಿಚಿತವಾದುದೇ. ಹಾರಾಟದ ಹುಚ್ಚಿದ್ದ ಅವರು ಕೂಡ ಸ್ವಂತ ಹಾರಾಟಕ್ಕೇ ನಿಲ್ಲದೆ ಸಾರ್ವಜನಿಕ ವಿಮಾನಸೇವೆಯನ್ನು ಕಟ್ಟಿದರು.

ಕನ್ನಡ ನಾಡಿನ ಪಾಲೂ ಇದೆ. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ 90 ಅಶ್ವಶಕ್ತಿಯ ಎರಡಾಸನದ ವಿಮಾನಕ್ಕೆ ‘ಪುಷ್ಪಕ್’ ಎಂದೇ ಹೆಸರಿಟ್ಟರು. ಸುಮಾರು 150 ಪುಷ್ಪಕಗಳು ತಯಾರಾದವು. ಆದರೆ ಅವು ಮುಖ್ಯವಾಗಿ ಸೇರಿದುದು ಕುಬೇರರ ಮನೆಗಳನ್ನಲ್ಲ, ಫ್ಲೈಯಿಂಗ್ ಕ್ಲಬ್ಬುಗಳನ್ನು. ಹಲವರು ಸೇರಿ ಒಂದನ್ನು ಬಳಸಿದರು.

ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ಸುಮಾರು 5 ಸಾವಿರ ನಿಲ್ದಾಣಗಳಿವೆ. ಭಾರತದಲ್ಲಿ ಆ ಅನುಕೂಲವಿಲ್ಲ. ಇಲ್ಲಿ ಹಾರಾಟಕ್ಕೆ ವಾಯುರಕ್ಷಣೆಯ ಅನುಮತಿಯೂ ಬೇಕು. ಸಣ್ಣ ವಿಮಾನಗಳ ವಿಶೇಷ ಪೆಟ್ರೋಲು 2022ರವರೆಗೆ ಹೊರದೇಶದಿಂದಲೇ ಬರಬೇಕಾಗಿತ್ತು. ಇವೆಲ್ಲವೂ ಅನುಕೂಲವಾದುವೆಂದೇ ಇಟ್ಟುಕೊಳ್ಳೋಣ. ಮುಂಬಯಿಯಿಂದ ಬೆಂಗಳೂರಿಗೆ ಆಕಾಶಮಾರ್ಗ ಸುಮಾರು 840 ಕಿಲೋಮೀಟರ್. ಸೆಸ್ನಾದಲ್ಲಿ ಸುಮಾರು ನಾಲ್ಕು ಗಂಟೆಗಳ ಹಾದಿ. ಇಂಧನ 120 ಲೀಟರಿಗೂ ಮಿಕ್ಕಿ. ನಾಗರಪಂಚಮಿಗೋ ಗಣೇಶನ ಹಬ್ಬಕ್ಕೋ ಊರಿಗೆ ಹೊರಟವನಿಗೆ ಸಹ್ಯಾದ್ರಿಯ ಮೇಲೆ ಮಳೆಯ ಮೋಡಗಳ ಗೋಡೆ. ಹಬ್ಬದ ದಿನ ಹೋಗಲಾಗದ ವಾಹನದಿಂದ ಊರಿನ ಅಂತರ ಕಡಿಮೆಯಾದೀತೇ?

ದಿನಕ್ಕೆ ಹತ್ತು ಗಂಟೆಯಷ್ಟು ಹಾರುವ, ನೂರೆಂಬತ್ತು ಆಸನಗಳ ದೊಡ್ಡ ವಿಮಾನವು ತನ್ನ ಸ್ಥಿರ ವೆಚ್ಚವನ್ನು ಅಷ್ಟೂ ಗಂಟೆ, ಅಷ್ಟೂ ಆಸನಗಳ ಮೇಲೆ ಹಂಚಬಲ್ಲುದು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಸೇವೆಯನ್ನು ಆರಂಭಿಸಿದುದು ಈ ತತ್ತ್ವದ ಮೇಲೆಯೇ. ಆ ಸಂಸ್ಥೆ ಐದು ವರ್ಷಗಳಲ್ಲಿ ಮತ್ತೊಂದರಲ್ಲಿ ವಿಲೀನವಾಯಿತು. ಆದರೆ ರೈಲಿನ ಚೀಟಿಗೆ ಮಾತ್ರ ಒಗ್ಗಿದ್ದ ಎಷ್ಟೋ ಮಂದಿ ವಿಮಾನ ಹತ್ತಿದುದು ಅದರಿಂದಲೇ. ಅವರಿಗೆ ಬೇಕಾಗಿದ್ದುದು ವಿಮಾನವಲ್ಲ, ವಿಮಾನದಲ್ಲೊಂದು ಆಸನ.

ಒಡೆತನವಲ್ಲ, ಸಹಭಾಗಿತ್ವ

ಹಾಗಾದರೆ ಹಾರುವ ಹಂಬಲವುಳ್ಳವನು ಅದನ್ನು ಅದುಮಿಡಬೇಕೇ? ಅಗತ್ಯವಿಲ್ಲ. ಮೇಲಿನ ಮಾದರಿ ಲೆಕ್ಕಕ್ಕೇ ಹಿಂದಿರುಗೋಣ. ಹತ್ತು ಮಂದಿ ಸೇರಿ ಆ ವಿಮಾನವನ್ನು ಇಟ್ಟುಕೊಂಡು, ತಲಾ 40 ಗಂಟೆ ಹಾರಲಿ. ಬಳಕೆ ಹೆಚ್ಚಿದುದರಿಂದ ವಿಮೆ, ತಪಾಸಣೆಗಳ ಖರ್ಚು ಏರಿ ಸ್ಥಿರ ವೆಚ್ಚ 18,000 ಡಾಲರ್ ಆಗಲಿ. ಆಗಲೂ ಗಂಟೆಗೆ ಬೀಳುವುದು 135 ಡಾಲರ್ ಮಾತ್ರ. ಒಬ್ಬಂಟಿ ಮಾಲೀಕನ 390 ಡಾಲರಿನ ಸುಮಾರು ಮೂರನೆಯ ಒಂದು ಪಾಲು. ಖರ್ಚು ಇಳಿದರೆ ಹೆಚ್ಚು ಹಾರಬಹುದು. ಹೆಚ್ಚು ಹಾರಿದರೆ ಕೈ ಪಳಗುತ್ತದೆ. ಶೀತದಿಂದ ಕಿವಿ ಕಟ್ಟಿದ, ನಿದ್ದೆಗೆಟ್ಟ, ಮಂಪರು ತರುವ ಮಾತ್ರೆ ನುಂಗಿದ ಸದಸ್ಯನನ್ನು ‘ಇಂದು ಬೇಡ’ ಎಂದು ತಡೆಯಬಲ್ಲ ಜೊತೆಗಾರರೂ ಅಲ್ಲಿರುತ್ತಾರೆ. ಒಬ್ಬಂಟಿ ಮಾಲೀಕನಿಗೆ ಹಾಗೆ ಹೇಳುವವರಾರು?

ಸ್ವಂತ ವಿಮಾನವು ಸಾಮಾನ್ಯವಾಗದಿರಲು ಜನರ ಬಡತನವೊಂದೇ ಕಾರಣವಲ್ಲ. ಅದು ಒಬ್ಬನ ಹಣ, ಒಬ್ಬನ ಬಿಡುವು, ಒಬ್ಬನ ಆರೋಗ್ಯ ಈ ಮೂರನ್ನೂ ಒಟ್ಟಿಗೆ, ಎಡೆಬಿಡದೆ ಕೇಳುವ ವಾಹನ. ಮೂರೂ ಕೂಡಿಬರುವವರು ಶ್ರೀಮಂತ ದೇಶದಲ್ಲಿಯೂ ವಿರಳ. ಹತ್ತು ಜನ ಸೇರಿ ಹೊತ್ತರೆ ಮಾತ್ರ ಅದರ ಭಾರ ಹಗುರ. ಸಹಕಾರಿ ಸಂಘ, ಚೀಟಿ, ಪರಸ್ಪರ ನೆರವುಗಳಿಂದ ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ.